ಒಂದಡಿಯ ತಪ್ಪು: ಪಿಂಟೋ ಕಡಲೆ, ವೆಡೇಲಿಯಾ ಮತ್ತು ಟೇಬಲ್ ರೋಸ್

ಕೋಲಾರದ ನಮ್ಮ ಮನೆಯ ಮುಂದೆ, ತೆಂಗಿನ ಮರದ ಅರೆನೆರಳಿನಲ್ಲಿ ಹತ್ತಡಿ ಉದ್ದ, ಆರಡಿ ಅಗಲದ ಕೆಮ್ಮಣ್ಣಿನ ಪಾತಿಯೊಂದಿದೆ. ಅದನ್ನು ಮುಚ್ಚಲು ಎರಡು ವರ್ಷ ಪಟ್ಟ ಪಾಡಿನ ಕೊನೆಗೆ ಅಲ್ಲಿ ಉಳಿದಿರುವುದು ಪಿಂಟೋ ಕಡಲೆ, ಅಂದರೆ ಕಡಲೆಕಾಯಿ ಜಾತಿಯ, ನೆಲದ ಮೇಲೆ ಹಬ್ಬುವ ಅಲಂಕಾರಿಕ ಬಳ್ಳಿ ಮಾತ್ರ. ಅದು ಮೊದಲ ಸಲ ಸೋತದ್ದೂ ನಾನು ಬಿಟ್ಟ ಅಂತರದಿಂದಲೇ.

ಗಿಡದಿಂದ ಗಿಡಕ್ಕೆ ಒಂದಡಿ ಬಿಟ್ಟರೆ ಮೂರು ತಿಂಗಳಲ್ಲಿ ಕೂಡಿಕೊಳ್ಳುತ್ತದೆ ಎಂದು ನರ್ಸರಿಯವರು ಹೇಳಿದರು. 60 ಚದರಡಿಗೆ 60 ಗಿಡ, ಕವರಿಗೆ 15 ರೂಪಾಯಿಯಂತೆ 900 ರೂಪಾಯಿ. ಜೂನ್ ಮೊದಲ ವಾರವೇ ನೆಟ್ಟೆ. ನಮ್ಮ ಕಡೆ ಮಳೆ ಜೋರಾಗುವುದು ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಎಂದು ತಿಳಿದಿದ್ದೂ ಮಾಡಿದ ಅವಸರವದು. ಗಿಡಗಳು ನಿಧಾನವಾಗಿ ತೆವಳುತ್ತಿದ್ದಾಗ, ನಾನು ಹಾಕಿದ ನೀರನ್ನೆಲ್ಲ ನಡುವಿನ ಬರಿನೆಲದಲ್ಲಿದ್ದ ಕೊನ್ನಾರಿ ಗೆಡ್ಡೆ ಕುಡಿಯಿತು.

ಈ ಕಳೆಯ ಹುಲ್ಲು ಸಲೀಸಾಗಿ ಕೈಗೆ ಬರುತ್ತದೆ, ಗೆಡ್ಡೆ ಮಾತ್ರ ಮಣ್ಣಿನಲ್ಲೇ ಉಳಿದು ವಾರದೊಳಗೆ ಮತ್ತೆ ಚಿಗುರುತ್ತದೆ. ಅಗೆದರೆ ದಾರಕ್ಕೆ ಪೋಣಿಸಿದಂತೆ ಒಂದರ ಹಿಂದೊಂದು ಕರಿಗೆಡ್ಡೆಗಳು. ಅವುಗಳೊಂದಿಗೆ, ಆಗಷ್ಟೇ ಗೆಣ್ಣಿನಲ್ಲಿ ಬೇರುಬಿಟ್ಟಿದ್ದ ಕಡಲೆಬಳ್ಳಿಯೂ ಎದ್ದು ಬರುತ್ತಿತ್ತು. ಕೀಳದಿದ್ದರೆ ಕಳೆ ನುಂಗುತ್ತದೆ, ಕಿತ್ತರೆ ನಾನೇ ಕೊಲ್ಲುತ್ತೇನೆ. ದೀಪಾವಳಿಯ ಹೊತ್ತಿಗೆ 60ರಲ್ಲಿ 22 ಉಳಿದಿದ್ದವು.

ಮರುವರ್ಷ ಆ 22 ಬಳ್ಳಿಗಳಿಂದಲೇ ಮೂರು ಗೆಣ್ಣಿನ ತುಂಡುಗಳನ್ನು ಕತ್ತರಿಸಿ, ನೆರಳಿನಲ್ಲಿ ಬೇರು ಬರಿಸಿದೆ. ಖಾಲಿ ಪಾತಿಗೆ ಎರಡು ಬಾರಿ ನೀರು ಕೊಟ್ಟು, ಚಿಗುರಿದ ಕೊನ್ನಾರಿಯನ್ನು ಗೆಡ್ಡೆ ಸಮೇತ ತೆಗೆದೆ. ಆಗಸ್ಟ್ ಕೊನೆಗೆ ಟೊಮೆಟೊ ಕಟ್ಟುವ ಹುರಿ ಎಳೆದು, ಎಂಟು ಅಂಗುಲಕ್ಕೊಂದರಂತೆ ತ್ರಿಕೋನ ಪದ್ಧತಿಯಲ್ಲಿ, ಅಂದರೆ ಒಂದು ಸಾಲಿನ ಗಿಡ ಹಿಂದಿನ ಸಾಲಿನ ಎರಡು ಗಿಡಗಳ ನಡುವಿಗೆ ಬರುವಂತೆ, ಸಾಲುಗಳ ಮಧ್ಯೆ ಏಳು ಅಂಗುಲ ಬಿಟ್ಟು ನೆಟ್ಟೆ. ಸುಮಾರು 150 ತುಂಡು ಹಿಡಿದವು; ಕೊಂಡಿದ್ದರೆ 2,250 ರೂಪಾಯಿ, ಅಷ್ಟು ಸುರಿಯುವ ಮನಸ್ಸು ನನಗಿರಲಿಲ್ಲ. ಸಂಕ್ರಾಂತಿಗೆ ನೆಲ ಕಾಣದಾಯಿತು. ಸಂಜೆ ಎಲೆ ಮಡಚುವುದನ್ನೂ ಹಳದಿ ಹೂವನ್ನೂ ಕಂಡ ಪಕ್ಕದ ಮನೆಯ ಅಜ್ಜಿ, “ಕಳ್ಳೆಕಾಯಿ ಯಾವಾಗ ಕೀಳ್ತೀಯಪ್ಪಾ?” ಎಂದು ಇಂದಿಗೂ ಕೇಳುತ್ತಾರೆ.

ಗೇಟಿನ ಬದಿಗೆ ಹಾಕಿದ್ದ ವೆಡೇಲಿಯಾ ಎಂಬ ಇನ್ನೊಂದು ಹಬ್ಬುವ ಬಳ್ಳಿ ಬಿಟ್ಟಿಯಾಗಿ ಸಿಕ್ಕಿತ್ತು. ಒಂದೂವರೆ ಅಡಿಗೊಂದು ತುಂಡು ಊರಿದರೂ ಕೂಡಿಕೊಂಡಿತು. ಆದರೆ ಹದಿನೈದು ದಿನಕ್ಕೊಮ್ಮೆ ಕತ್ತರಿ ಹಿಡಿಯದಿದ್ದರೆ ಕಾಲುದಾರಿಯನ್ನೇ ಮುಚ್ಚುತ್ತದೆ, ಕತ್ತರಿಸಿ ಎಸೆದ ತುಂಡು ಚರಂಡಿಯ ಬದಿಯಲ್ಲೂ ಬೇರೂರುತ್ತದೆ. ಜಗತ್ತಿನ 100 ಅತಿ ಕೆಟ್ಟ ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಇದರ ಹೆಸರಿರುವುದು ಸುಮ್ಮನಲ್ಲ. ಮನೆಗೆ ಬೀಗ ಹಾಕಿ ತಿಂಗಳುಗಟ್ಟಲೆ ಊರಿಗೆ ಹೋಗುವ ನನಗೆ ಇದು ಒಗ್ಗಲಿಲ್ಲ.

ಟೇಬಲ್ ರೋಸ್ ಅರ್ಧ ಅಡಿಗೊಂದು ನೆಟ್ಟರೆ ಬೇಗ ಹಬ್ಬುತ್ತದೆ, ಆದರೆ ಪೂರ್ತಿ ಬಿಸಿಲಿಲ್ಲದೆ ಹೂ ಬಿಡದು. ಈಗ ಅದು ಟೆರೇಸಿನ ಕುಂಡದಲ್ಲಿದೆ.

ಎಂಟು ಅಂಗುಲದ ಲೆಕ್ಕ ಅಂಚಿಗೆ ಹೊಂದುವುದಿಲ್ಲ. ಅಂಚಿನ ಇಟ್ಟಿಗೆಯಿಂದ ಮೊದಲ ಸಾಲನ್ನು ನಾಲ್ಕೇ ಅಂಗುಲ ಒಳಗೆ ನೆಡಬೇಕು. ಗೇಟಿನ ಕಡೆ ಎಂಟು ಬಿಟ್ಟಿದ್ದ ಜಾಗದಲ್ಲಿ ನಿನ್ನೆಯೂ ಐದು ಕೊನ್ನಾರಿ ಕಿತ್ತೆ.