ಹಾಡು ಬರೆಯುವವರ ಆನ್‌ಲೈನ್ ಬಳಗ: ಕೆಲವು ವರ್ಷ ಜೊತೆಗಿದ್ದ ಮೇಲಿನ ಅನಿಸಿಕೆ

ಹಾಡು ಬರೆಯುವವರಿಗೆ ಸರಿಯಾಗಿ ಕೇಳುವ ಕಿವಿ ಸಿಗುವುದೇ ಕಷ್ಟ. ಮನೆಯವರು "ಚೆನ್ನಾಗಿದೆ" ಅಂತಾರೆ, ಅಲ್ಲಿಗೆ ಮುಗೀತು. ಯಾವ ಸಾಲು ಎಡವಿತು ಅಂತ ಹೇಳುವವರು ಬೇಕಿತ್ತು. ಅದಕ್ಕೇ ವಿಡಿಯೊ ಕರೆಯಲ್ಲಿ ಕೂಡುವ ಈ ಚಿಕ್ಕ ಬಳಗಕ್ಕೆ ಸೇರಿದೆ. ಕೆಲವು ವರ್ಷಗಳಾದವು, ಈಗಲೂ ಬಿಟ್ಟಿಲ್ಲ.

ಪದ್ಧತಿ ಸರಳ. ಸಾಹಿತ್ಯ ಮತ್ತು ಫೋನಿನಲ್ಲಿ ಮಾಡಿದ ರೆಕಾರ್ಡಿಂಗ್ ಮೊದಲೇ ಕಳಿಸಬೇಕು. ಎಲ್ಲರೂ ಕೇಳಿಕೊಂಡು ಬರುತ್ತಾರೆ. ಬರೆದವರು "ಇದರ ಹಿಂದಿನ ಕಥೆ ಏನಂದ್ರೆ" ಅಂತ ಶುರು ಮಾಡುವ ಹಾಗಿಲ್ಲ. ಈ ನಿಯಮ ನನಗೆ ತುಂಬಾ ಇಷ್ಟ. ಹಾಡು ಕೇಳುಗರ ಹತ್ತಿರ ಹೋಗುವಾಗ ವಿವರಣೆ ಕೊಡಲು ನಾವು ಜೊತೆಗಿರುವುದಿಲ್ಲ, ಅಲ್ವಾ?

ನನ್ನ ಹಾಡಿಗೆ ಸಿಕ್ಕ ಸಲಹೆಗಿಂತ ಬೇರೆಯವರ ಹಾಡು ತಿದ್ದುವಾಗ ಕಲಿತದ್ದೇ ಜಾಸ್ತಿ. ಒಮ್ಮೆ ಒಬ್ಬರ ಪಲ್ಲವಿ "ಬಾ ಮರಳಿ" ಎಂದು ಮುಗಿಯುತ್ತಿತ್ತು. ಕೊನೆಯ ಅಕ್ಷರದಲ್ಲಿ ಧಾಟಿ ಮೇಲಿನ ಷಡ್ಜಕ್ಕೆ, ಅಂದರೆ ಎತ್ತರದ "ಸ" ಸ್ವರಕ್ಕೆ, ಏರಿ ನಿಲ್ಲುತ್ತದೆ. ಅಷ್ಟು ಎತ್ತರದಲ್ಲಿ "ಳಿ" ಹಿಡಿದಾಗ ದನಿ ಬಿಗಿಯಾಗಿ, ಕಿರುಚಿದಂತೆ ಕೇಳುತ್ತಿತ್ತು. ಅವರು ಶ್ರುತಿ ಇಳಿಸಲು ಹೊರಟಿದ್ದರು. "ಶ್ರುತಿ ಹಾಗೇ ಇರಲಿ, ಪದ ತಿರುಗಿಸಿ ನೋಡಿ" ಅಂದರು ಬಳಗದ ಹಿರಿಯರೊಬ್ಬರು. "ಮರಳಿ ಬಾ" ಆಯಿತು. ಮಾತ್ರೆ ಆಗಲೂ ಐದು, ಈಗಲೂ ಐದು. ತಾಳ ಕದಲಲಿಲ್ಲ. ಆದರೆ ಬಾಯಿ ಪೂರ್ತಿ ತೆರೆಯುವ "ಆ" ಎತ್ತರದ ಜಾಗಕ್ಕೆ ಬಂತು, ದನಿ ಸಲೀಸಾಗಿ ನಿಂತಿತು. ಈಗ ನಾನು ಬರೆಯುವಾಗ ಉದ್ದಕ್ಕೆ ಎಳೆಯುವ ಜಾಗದಲ್ಲಿ ಯಾವ ಅಕ್ಷರ ಕೂತಿದೆ ಅಂತ ಮೊದಲು ನೋಡುತ್ತೇನೆ.

ಕೊರತೆಯೂ ಇದೆ. ವಿಡಿಯೊ ಕರೆಯಲ್ಲಿ ದನಿ ತಡವಾಗಿ ತಲುಪುವುದರಿಂದ ಒಟ್ಟಿಗೆ ಹಾಡಲು ಆಗುವುದಿಲ್ಲ. ಗದ್ದಲ ತಗ್ಗಿಸುವ ಸೆಟ್ಟಿಂಗ್ ಆನ್ ಇದ್ದರೆ ಗಿಟಾರ್ ನಾದವನ್ನೂ ಗದ್ದಲ ಅಂದುಕೊಂಡು ಕತ್ತರಿಸುತ್ತದೆ. ಅದನ್ನು ಆಫ್ ಮಾಡಿ, ವೈರ್ ಇರುವ ಇಯರ್‌ಫೋನ್ ಹಾಕಿಕೊಳ್ಳಿ. ಇನ್ನು ಕೆಲವರು ತಮ್ಮ ಹಾಡಿನ ಸರದಿ ಮುಗಿದ ಕೂಡಲೇ ಕರೆ ಬಿಟ್ಟು ಹೋಗುತ್ತಾರೆ. ಅದು ನನಗೆ ನಿಜಕ್ಕೂ ಬೇಸರ.

ಹಾಡು ಕದಿಯುತ್ತಾರೆ ಅನ್ನೋ ಭಯ ಹೊಸಬರಿಗೆ ಇದ್ದೇ ಇರುತ್ತದೆ. 1886ರ ಬರ್ನ್ ಒಪ್ಪಂದಕ್ಕೆ ಸೇರಿದ ದೇಶಗಳಲ್ಲಿ ಕೃತಿಸ್ವಾಮ್ಯಕ್ಕೆ, ಅಂದರೆ ಕಾಪಿರೈಟ್‌ಗೆ, ನೋಂದಣಿ ಕಡ್ಡಾಯವಲ್ಲ. ಬರೆದಿಟ್ಟ ಹಾಡು ಬರೆದವರದೇ. ತಾರೀಖು ಇರುವ ಮೊದಲ ರೆಕಾರ್ಡಿಂಗ್ ಅಳಿಸಬೇಡಿ. ಇಬ್ಬರು ಸೇರಿ ಬರೆದರೆ ಸಾಹಿತ್ಯ ಯಾರದು, ಸಂಗೀತ ಯಾರದು, ಪಾಲು ಎಷ್ಟು ಅನ್ನುವುದನ್ನು ಅವತ್ತೇ ಬರೆದುಕೊಳ್ಳಿ. ಸ್ನೇಹ ಚೆನ್ನಾಗಿರುವಾಗಲೇ ಈ ಮಾತು ಸುಲಭ.

ಸುಮ್ನೆ ಹೊಗಳಿಕೆ ಬೇಕಿದ್ದರೆ ಇಂಥ ಬಳಗ ಹಿಡಿಸುವುದಿಲ್ಲ. ಅರ್ಧ ಬರೆದ ಹಾಡು ಕೈಯಲ್ಲಿದ್ದರೆ ಖಂಡಿತ ಸೇರಿ. ಮೊದಲು ಒಂದು ಕೂಟದಲ್ಲಿ ಕೇಳುಗರಾಗಿ ಕೂರಲು ಬಿಡುತ್ತಾರಾ ಅಂತ ವಿಚಾರಿಸಿ. ಹತ್ತು ಜನಕ್ಕಿಂತ ಜಾಸ್ತಿ ಇದ್ದರೆ ನಿಮ್ಮ ಸರದಿ ಬರುವುದು ತಡವಾಗುತ್ತದೆ, ಅದನ್ನೂ ನೋಡಿಕೊಳ್ಳಿ.