ವೆನಿಲ್ಲಾ ಫ್ಲಾ, ಹೋಪ್ಯೆಸ್ ಫ್ಲಾ, ಮನೆಯ ಕಸ್ಟರ್ಡ್: ಮೂರೂ ತಿಂದು ನೋಡಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಕಾಫಿ ರುಚಿಯ ಡಚ್ ಕಸ್ಟರ್ಡ್ ಹೋಪ್ಯೆಸ್ ಫ್ಲಾಗೆ. ಫಿಲ್ಟರ್ ಕಾಫಿ ಕುಡಿದು ಬೆಳೆದ ಬಾಯಿಗೆ ಬೇರೆ ಯಾವುದೂ ಅಷ್ಟು ಹಿಡಿಸಲಿಲ್ಲ.

ನಾವಿರುವುದು ನೆದರ್ಲೆಂಡ್ಸಿನ ಐಂಡ್‌ಹೋವನ್‌ನಲ್ಲಿ. ಇಲ್ಲಿಯವರು ಸಂಜೆ ಆರಕ್ಕೆಲ್ಲ ಊಟಕ್ಕೆ ಕೂರುತ್ತಾರೆ. ಊಟದ ಕೊನೆಗೆ ಸಿಹಿ, ಅದಕ್ಕೆ 'ಟೂಟ್ಯೆ' ಅನ್ನುತ್ತಾರೆ. ಫ್ಲಾ ಅಂದರೆ ಆ ಹೊತ್ತಿಗೆ ಬರುವ ತೆಳು ಕಸ್ಟರ್ಡ್. ಹಬ್ಬದ ಸಿಹಿಯಲ್ಲ, ನಮ್ಮಲ್ಲಿ ಕೊನೆಗೊಂದು ತುತ್ತು ಮೊಸರನ್ನ ಇದ್ದ ಹಾಗೆ. ರಟ್ಟಿನ ಡಬ್ಬದಿಂದ ಬಟ್ಟಲಿಗೆ ಸುರಿದುಕೊಂಡರೆ ಆಯಿತು.

ಮೊದಲು ತಂದಿದ್ದು ವೆನಿಲ್ಲಾ, ಒಂದು ಲೀಟರ್. ಅವತ್ತು ರಾತ್ರಿ ಚೆನ್ನಾಗಿತ್ತು, ಚಮಚದಿಂದ ಮೆಲ್ಲಗೆ ಜಾರುವಷ್ಟು ಗಟ್ಟಿ. ಮಾರನೇ ದಿನ ಸಂಜೆ ಸುರಿದರೆ ನೀರು! ಕೆಟ್ಟಿರಬೇಕು ಅಂತ ಅರ್ಧ ಡಬ್ಬ ಸಿಂಕಿಗೆ ಚೆಲ್ಲಿದೆ. ಇನ್ನೊಂದು ತಂದೆ, ಅದೂ ಹಾಗೇ ಆಯಿತು. ವಾಸನೆ, ರುಚಿ ಸರಿಯಾಗೇ ಇತ್ತು. ಹಾಲಿನ ಸಿಹಿ ಚೆಲ್ಲುವಾಗ ಹೊಟ್ಟೆ ಉರಿಯುತ್ತದೆ, ಅಲ್ವಾ?

ಕಾರಣ ಗೊತ್ತಾಗಿದ್ದು ಮಗಳನ್ನು ನೋಡಿದಾಗ. ಸ್ಕೂಲಿಂದ ಬಂದವಳು ಫ್ರಿಜ್ ತೆಗೆದು, ಡಬ್ಬಕ್ಕೇ ಚಮಚ ಹಾಕಿ, ನೆಕ್ಕಿ, ಮತ್ತೆ ಅದೇ ಚಮಚ ಹಾಕುತ್ತಿದ್ದಳು. ಫ್ಲಾ ಗಟ್ಟಿಯಾಗಿರುವುದು ಅದರಲ್ಲಿರುವ ಸ್ಟಾರ್ಚ್‌ನಿಂದ. ನಮ್ಮ ಎಂಜಲಿನಲ್ಲಿರುವ ಅಮೈಲೇಸ್ ಎಂಬ ಕಿಣ್ವ ಆ ಸ್ಟಾರ್ಚನ್ನು ಒಡೆದುಬಿಡುತ್ತದೆ. ನಂಬಿಕೆ ಬರಲಿ ಅಂತ ಎರಡು ಬಟ್ಟಲಲ್ಲಿ ಹಾಕಿ ನೋಡಿದೆ. ಎಂಜಲು ಚಮಚ ಆಡಿಸಿದ್ದು ಸ್ವಲ್ಪ ಹೊತ್ತಿಗೇ ಮಜ್ಜಿಗೆಯಂತಾಯಿತು, ಇನ್ನೊಂದು ಹಾಗೇ ಇತ್ತು. ಎಂಜಲು ಕೈ ಪಾತ್ರೆಗೆ ಹಾಕಬೇಡ ಅಂತ ಅಜ್ಜಿ ದಿನಾ ಹೇಳುತ್ತಿದ್ದರು. ಈಗ ಅದೇ ಮಾತು ನಮ್ಮ ಫ್ರಿಜ್ಜಿಗೂ ಸೇರಿದೆ.

ಮನೆಯ ಕಸ್ಟರ್ಡಿಗೂ ಇದೇ ಗತಿ, ಅದರದ್ದೂ ಕಾರ್ನ್‌ಫ್ಲೋರ್ ತಾನೆ. ಊರಿಂದ ತಂದ ಪೌಡರನ್ನು ತಣ್ಣನೆ ಹಾಲಲ್ಲಿ ಕದಡಿ, ಕುದಿಯುವ ಹಾಲಿಗೆ ಹಾಕಿ, ಕೈಬಿಡದೆ ತಿರುವಬೇಕು. ಆಫೀಸಿಂದ ಬಂದು ಅಷ್ಟು ಹೊತ್ತು ಒಲೆ ಮುಂದೆ ನಿಲ್ಲಲು ನನಗಾಗುವುದಿಲ್ಲ. ಫೋನ್ ಬಂತೋ, ಗಂಟು. ಆದರೆ ಬಾಳೆಹಣ್ಣು, ದಾಳಿಂಬೆ, ದ್ರಾಕ್ಷಿ ಹಾಕಿ ಫ್ರೂಟ್ ಸಲಾಡ್ ಮಾಡುವುದಾದರೆ ಇದೇ ಸರಿ. ಫ್ಲಾ ಹಣ್ಣಿನ ಜೊತೆ ತೀರಾ ತೆಳುವಾಗುತ್ತದೆ.

ಇನ್ನು ಹೋಪ್ಯೆಸ್. ಹೇಗ್ ನಗರದಲ್ಲಿ 'ಹೋಪ್ಯೆ' ಅಂತ ಕಾಫಿ ರುಚಿಯ ಗಟ್ಟಿ ಕ್ಯಾರಮೆಲ್ ಮಿಠಾಯಿ ಇದೆ, ಬ್ಯಾರನ್ ಹೋಪ್ ಎಂಬುವರಿಂದ ಬಂದ ಹೆಸರು. ಈ ಫ್ಲಾ ಅದೇ ರುಚಿಯದ್ದು. ಬಣ್ಣ ಹಾಲು ಜಾಸ್ತಿ ಹಾಕಿದ ಕಾಫಿಯಂತೆ. ಮೊದಲು ಸಿಹಿ, ಆಮೇಲೆ ನಾಲಿಗೆಯ ಹಿಂದೆ ಸಣ್ಣ ಕಹಿ. ಆ ಕಹಿಗೇ ನಾನು ಸೋತಿದ್ದು. ವೆನಿಲ್ಲಾ ನಾಲ್ಕು ಚಮಚಕ್ಕೆ ಸಾಕು ಅನ್ನಿಸುತ್ತದೆ.

ಬೆಲೆಯಲ್ಲಿ ಅಂಥ ವ್ಯತ್ಯಾಸವಿಲ್ಲ. ಸೂಪರ್‌ಮಾರ್ಕೆಟ್‌ನ ಸ್ವಂತ ಬ್ರ್ಯಾಂಡಿನದೇ ತಗೊಳ್ಳಿ, ಸಾಕು.

ಹಾಗಾಗಿ ವಾರದ ದಿನ ನಮ್ಮಲ್ಲಿ ಹೋಪ್ಯೆಸ್, ನೆಂಟರು ಬಂದರೆ ಕಸ್ಟರ್ಡ್. ವೆನಿಲ್ಲಾ ತರುವುದು ಮಗಳಿಗೆ ಮಾತ್ರ, ಅವಳಿಗೆ ಮೊಸರು, ಕೆಂಪು ಸಿರಪ್ ಜೊತೆ ಪದರ ಮಾಡಿದ 'ಫ್ಲಾಫ್ಲಿಪ್' ಬೇಕು. ಹಿಂದೆ ಫ್ಲಾ ಗಾಜಿನ ಬಾಟಲಿಯಲ್ಲಿ ಬರುತ್ತಿದ್ದಾಗ ತಳ ಬಳಿಯಲು ಉದ್ದ ಕಡ್ಡಿಯ ತುದಿಗೆ ರಬ್ಬರಿನ ಅರ್ಧಚಂದ್ರ ಇರುವ 'ಫ್ಲೆಸೆನ್‌ಲಿಕ್ಕರ್' ಬಳಸುತ್ತಿದ್ದರು. ನಾನು ಡಬ್ಬವನ್ನು ಕತ್ತರಿಯಿಂದ ಅಡ್ಡ ಕತ್ತರಿಸಿ ಬಳಿದುಕೊಳ್ಳುತ್ತೇನೆ. ಇನ್ನೂ ಅರ್ಧ ಬಟ್ಟಲು ಸಿಗುತ್ತದೆ.