ಕಾರ್ಬನ್ ಬ್ಲೇಡ್ ಅಗ್ಗ, ಆದರೂ ನನ್ನ ಓಟು ಬೈಮೆಟಲ್‌ಗೆ

ದಾವಣಗೆರೆಯಲ್ಲಿ ನಮ್ಮದು ಸಣ್ಣ ಫ್ಯಾಬ್ರಿಕೇಶನ್ ಶೆಡ್. ಟ್ರ್ಯಾಕ್ಟರ್ ಟ್ರೇಲರ್, ಗೇಟು, ಅಡಿಕೆ ಮಷೀನಿನ ಸ್ಟ್ಯಾಂಡು, ಬಂದದ್ದೆಲ್ಲ ಮಾಡುತ್ತೇವೆ. ಅರ್ಧ ಇಂಚು ಅಗಲದ ಬ್ಲೇಡ್ ಹಾಕುವ ಬ್ಯಾಂಡ್ ಸಾ ಒಂದಿದೆ, ಅಂದರೆ ಬಳೆಯಂತೆ ಜೋಡಿಸಿದ ಪಟ್ಟಿ ಬ್ಲೇಡ್ ಎರಡು ವೀಲ್ ಮೇಲೆ ಸುತ್ತುತ್ತಾ ಕಬ್ಬಿಣ ಕತ್ತರಿಸುವ ಗರಗಸ. ಹೋದ ವರ್ಷ ಬೈಮೆಟಲ್ (ಎರಡು ಬಗೆಯ ಉಕ್ಕು ಸೇರಿಸಿದ ಬ್ಲೇಡ್) ಬಿಟ್ಟು ಕಾರ್ಬನ್ ಸ್ಟೀಲ್ ಬ್ಲೇಡ್ ತಂದೆವು. ಬೆಲೆ ಅರ್ಧಕ್ಕೂ ಕಡಿಮೆ, ಯಾರು ಬೇಡ ಅಂತಾರೆ?

ಕಾಟ ಕೊಟ್ಟದ್ದು ಹಲ್ಲಲ್ಲ, ಜಾಯಿಂಟು. ತುದಿಗಳನ್ನು ಸೇರಿಸಿ ವೆಲ್ಡ್ ಮಾಡಿದ ಕಡೆ ಬ್ಲೇಡಿನ ಬೆನ್ನು ಒಂದೇ ಗೆರೆಯಲ್ಲಿ ಇರಲಿಲ್ಲ. ಪ್ರತಿ ಸುತ್ತಿಗೂ ಅದು, ಬ್ಲೇಡನ್ನು ದಾರಿಯಲ್ಲಿ ಹಿಡಿದಿಡುವ ಹಿಂದಿನ ಗೈಡ್ ಬೇರಿಂಗಿಗೆ ಟಕ್ ಅಂತ ಬಡಿಯುತ್ತಿತ್ತು. ಬೇರಿಂಗ್ ಹಿಂದೆ ಸರಿಸಿದರೆ ಸದ್ದು ನಿಲ್ಲುತ್ತದೆ, ಆದರೆ ಭಾರ ಬಿದ್ದ ಕೂಡಲೇ ಬ್ಲೇಡೂ ಹಿಂದೆ ಸರಿಯುತ್ತದೆ. ಮುಂದೆ ತಂದರೆ ಮತ್ತೆ ಟಕ್ ಟಕ್.

ಪಕ್ಕದ ಬೇರಿಂಗ್‌ಗಳದ್ದೂ ಅದೇ ರಗಳೆ. ವೆಲ್ಡಿನ ಉಬ್ಬನ್ನು ಪೂರ್ತಿ ಉಜ್ಜಿರಲಿಲ್ಲ. ಬೇರಿಂಗ್ ಹತ್ತಿರ ಇಟ್ಟರೆ ಜಾಯಿಂಟು ಸಿಕ್ಕಿಕೊಳ್ಳುತ್ತದೆ, ಸಡಿಲ ಬಿಟ್ಟರೆ ಬ್ಲೇಡ್ ತಿರುಚುತ್ತದೆ. ಚೌಕ ಪೈಪ್ ಕತ್ತರಿಸಿ ಟ್ರೈ ಸ್ಕ್ವೇರ್ (ಮೂಲೆಮಟ್ಟ) ಇಟ್ಟರೆ ಸಂದಿಯಲ್ಲಿ ಬೆಳಕು! ಓರೆ ತುದಿಗೆಲ್ಲ ಮತ್ತೆ ಗ್ರೈಂಡರ್ ಹಿಡಿಯಬೇಕು, ಆ ಕೂಲಿ ಯಾರು ಕೊಡ್ತಾರೆ? ಎಲ್ಲ ಕಾರ್ಬನ್ ಬ್ಲೇಡೂ ಹೀಗೇ ಅಂತಲ್ಲ. ಈಗ ಯಾವ ಬ್ಲೇಡ್ ತಂದರೂ ಅಂಗಡಿಯಲ್ಲೇ ಜಾಯಿಂಟಿನ ಬೆನ್ನಿಗೆ ಸ್ಟೀಲ್ ಸ್ಕೇಲ್ ಇಟ್ಟು ನೋಡುತ್ತೇನೆ. ಅಂಗಡಿಯವರು ಮುಖ ಸಿಂಡರಿಸುತ್ತಾರೆ, ಸಿಂಡರಿಸಲಿ ಬಿಡಿ.

ಆಮೇಲೆ ತಂದ ಬೈಮೆಟಲ್‌ನ ಜಾಯಿಂಟು ನೇರ ಇತ್ತು, ಹಾಗಾಗಿ ಬೇರಿಂಗಿನ ಸೆಟ್ಟಿಂಗ್ ಅಲುಗದೆ ನಿಂತಿತು. ಹರಿಹರದ ಕಿರ್ಲೋಸ್ಕರ್ ಲೇತ್ ಕಾರ್ಖಾನೆಯಲ್ಲಿ ದುಡಿದ ಹಿರಿಯ ಫಿಟ್ಟರ್ ಒಬ್ಬರು ನಮ್ಮ ಶೆಡ್ಡಿಗೆ ಬರುತ್ತಿರುತ್ತಾರೆ. "ಬೇರಿಂಗೆಲ್ಲ ದೂರ ಸರಿಸೋ ತಮ್ಮಾ, ಮೊದಲು ವೀಲ್ ಮೇಲೆ ಬ್ಲೇಡ್ ಸರಿಯಾಗಿ ಓಡಲಿ" ಅಂದರು. ಬೆನ್ನು ವೀಲಿನ ಅಂಚಿಗೆ ತಾಗಿಯೂ ತಾಗದಂತೆ ಓಡಬೇಕು, ಉಜ್ಜಬಾರದು. ಅದಾದ ಮೇಲೇ ಬೇರಿಂಗ್ ಹತ್ತಿರ ತರುವುದು. ಬೇರಿಂಗ್ ಹಿಡಿದಿರುವ ಗೈಡ್ ತೋಳುಗಳನ್ನೂ ಕತ್ತರಿಸುವ ಮಾಲಿಗೆ ಆದಷ್ಟು ಹತ್ತಿರ ಇಡಬೇಕು. ಬ್ಲೇಡ್ ಎಳೆದು ಬಿಗಿಯುವ ಟೆನ್ಶನ್ ಮಾತ್ರ ಕಾರ್ಬನ್‌ಗಿಂತ ಜಾಸ್ತಿ ಬೇಕು.

ಬಿಸಿಯ ವಿಷಯ ಬೇರೆ. ಕಾರ್ಬನ್ ಸ್ಟೀಲ್ ಹಲ್ಲು 200 ಡಿಗ್ರಿ ದಾಟಿದರೆ ಮೆತ್ತಗಾಗತೊಡಗುತ್ತದೆ. ಬೈಮೆಟಲ್‌ನಲ್ಲಿ ಬೆನ್ನು ಸ್ಪ್ರಿಂಗಿನಂತೆ ಬಾಗುವ ಉಕ್ಕು, ಹಲ್ಲಿನ ತುದಿ ಹೈಸ್ಪೀಡ್ ಸ್ಟೀಲ್. ಅದು 500 ಡಿಗ್ರಿಯಲ್ಲೂ ಗಟ್ಟಿ. ಕಾರ್ಬನ್ ಹಾಕಿದರೆ ಬೆಲ್ಟ್ ಬದಲಿಸಿ ಸ್ಪೀಡ್ ಇಳಿಸಬೇಕು. ನಮ್ಮ ಹುಡುಗರು ಇಳಿಸುವುದಿಲ್ಲ, ನಾನು ಪ್ರತಿ ಸಲ ಪಕ್ಕದಲ್ಲಿ ನಿಲ್ಲೋಕೂ ಆಗಲ್ಲ.

ಬೈಮೆಟಲ್‌ಗೂ ಒಂದು ಶಿಸ್ತು ಬೇಕು. ಹೊಸ ಬ್ಲೇಡಿನ ಮೊದಲ ಕೆಲವು ಕಟ್‌ಗಳಿಗೆ ಅರ್ಧ ಒತ್ತಡ ಸಾಕು. ಹಳೇ ಬ್ಲೇಡ್ ಅರ್ಧ ಕೊರೆದ ಸೀಳಿಗೆ ಹೊಸದನ್ನು ಇಳಿಸಬೇಡಿ, ಹಲ್ಲು ಉದುರುತ್ತದೆ.

ತಿಂಗಳಿಗೆ ನಾಲ್ಕು ಆಂಗಲ್ ಕತ್ತರಿಸುವವರು ಕಾರ್ಬನ್ನೇ ತಗೊಳ್ಳಿ, ಸುಮ್ನೆ ಯಾಕೆ ಜಾಸ್ತಿ ಖರ್ಚು? ನಮ್ಮದು ದಿನಾ ಓಡುವ ಮಷೀನು. ಹೆಚ್ಚಿನದು ಆಂಗಲ್ ಮತ್ತು ಪೈಪ್ ಆದ್ದರಿಂದ ಇಂಚಿಗೆ 10/14 ಹಲ್ಲಿನ (ಅಂದರೆ ಹಲ್ಲಿನ ಅಂತರ 10ರಿಂದ 14ರ ನಡುವೆ ಬದಲಾಗುವ) ಬೈಮೆಟಲ್ ಎರಡು ತಂದಿಟ್ಟಿದ್ದೇನೆ, ಒಂದು ಮಷೀನಿನಲ್ಲಿ, ಇನ್ನೊಂದು ಮೊಳೆಗೆ ನೇತುಹಾಕಿದೆ.